ಬಾಣಂತಿಗೆ ಹೇಳದ ಮಾತು

ಬೆಳಿಗ್ಗೆ ಎಂಟೂವರೆಯ ಗಂಟೆ ಹೊಡೆದು ಹತ್ತು ನಿಮಿಷ ಕಳೆಯಿತೆಂದರೆ, ಡಚ್ಚರ ನಾಡಿನ ಜೂಟರ್‌ಮೀರ್ ಊರಿನ ಒಂದು ಶಾಲೆಯ ಮುಂಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲಿ ಪರ್ವೀನ್ ಫೋನು ಕೈಗೆತ್ತಿಕೊಳ್ಳುತ್ತಿದ್ದಳು. ಯಾವ ತರಗತಿಗೆ ಯಾರು ಬಂದಿಲ್ಲ ಎನ್ನುವ ಪಟ್ಟಿ ಅಷ್ಟು ಹೊತ್ತಿಗೆ ಪರದೆಯ ಮೇಲೆ ಬಂದಿರುತ್ತಿತ್ತು. ಒಂದೊಂದು ಮನೆಗೂ ಫೋನು ಮಾಡಿ ಮಗು ಎಲ್ಲಿ ಎಂದು ವಿಚಾರಿಸುವುದು ಅವಳ ಕೆಲಸ. ಮಗನಿಗೆ ಹೊಟ್ಟೆನೋವು ಎಂದು ತಾಯಿ ಹೇಳುತ್ತಿರುವಾಗಲೇ ಹಿಂದಿನಿಂದ ವಿಡಿಯೊ ಗೇಮಿನ ಗುಂಡಿನ ಸದ್ದು ಕೇಳಿಸಿದರೆ, 'ಹೊಟ್ಟೆನೋವಿಗೆ ಬಂದೂಕು ಒಳ್ಳೆಯ ಔಷಧ, ಮಧ್ಯಾಹ್ನಕ್ಕಾದರೂ ಕಳಿಸಿ' ಎಂದು ಡಚ್ಚಿನಲ್ಲೇ ಹೇಳಿ ಫೋನಿಡುವಷ್ಟು ಗಟ್ಟಿಗಿತ್ತಿ. ಆ ಡಚ್ಚಿಗೆ ಚನ್ನಪಟ್ಟಣದ ಉಚ್ಚಾರವಿತ್ತು. ಅದರ ಬಗ್ಗೆ ಅವಳಿಗೇನೂ ಸಂಕೋಚವಿರಲಿಲ್ಲ.

ಚನ್ನಪಟ್ಟಣದಲ್ಲಿ ಅವಳ ಅಪ್ಪ ಬೊಂಬೆ ಕಡೆಯುವವರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲೂ ಕನ್ನಡ. ಗಂಡ ಮಜೀದ್‌ಗೆ ಇಲ್ಲಿ ಕೆಲಸವಾಗಿ ಹದಿನೇಳು ವರ್ಷದ ಹಿಂದೆ ಬಂದಾಗ, ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳುವುದಕ್ಕೂ ಕೈಸನ್ನೆ ಮಾಡಿದವಳು. ಲೈಬ್ರರಿಯಲ್ಲಿ ಮುದುಕಿಯರ ಜೊತೆ ವಾರಕ್ಕೆರಡು ದಿನ ಕೂತು ಭಾಷೆ ಕಲಿತಳು. ಮೊದಲು ಅದೇ ಶಾಲೆಯ ಕ್ಯಾಂಟೀನಿನಲ್ಲಿ ತಟ್ಟೆ ಒರೆಸಿದಳು, ಆಮೇಲೆ ಈ ಗಾಜಿನ ಕೋಣೆ ಸಿಕ್ಕಿತು. ಹನ್ನೆರಡರಿಂದ ಹದಿನೈದು ವರ್ಷದ ಏಳುನೂರು ಮಕ್ಕಳು ದಿನಕ್ಕೆರಡು ಸಲ ಅವಳ ಕಣ್ಣಮುಂದೆ ಹಾದುಹೋಗುತ್ತಿದ್ದರು. ಅರ್ಧಕ್ಕರ್ಧ ಮಕ್ಕಳ ಹೆಸರು ಅವಳ ಬಾಯಿತುದಿಯಲ್ಲಿತ್ತು.

ಶಾಲೆಯಿಂದ ಪ್ರತಿ ಶುಕ್ರವಾರ ಮನೆಗಳಿಗೆ ಸುದ್ದಿಪತ್ರ ಹೋಗುತ್ತದೆ. ಯಾವ ತರಗತಿ ಎಲ್ಲಿಗೆ ಪ್ರವಾಸ ಹೋಯಿತು, ಸೈಕಲ್ ನಿಲ್ಲಿಸುವಲ್ಲಿ ಏನು ಗಲಾಟೆಯಾಯಿತು, ಯಾವ ಮಗುವಿನ ತಂದೆ ತೀರಿಕೊಂಡರು, ಎಲ್ಲವೂ ಅದರಲ್ಲಿರುತ್ತದೆ. ಕನ್ನಡದ ಮನೆಗಳು ಹದಿನಾರೋ ಹದಿನೇಳೋ ಇದ್ದವು. ಡಚ್ ಪತ್ರವನ್ನು ಯಾರೂ ಓದುತ್ತಿರಲಿಲ್ಲ, ಪರ್ವೀನ್ ಓದಿ ವಾಟ್ಸಾಪಿನಲ್ಲಿ ಕನ್ನಡದಲ್ಲಿ ಹೇಳಿ ಕಳಿಸುವುದಕ್ಕೆ ಕಾಯುತ್ತಿದ್ದರು. 'ಮೂರನೇ ವರ್ಷದ ಕೆಲವು ಹುಡುಗರು ಶಾಲೆಗೆ ಮದ್ಯ ತಂದಿದ್ದರು' ಎಂದು ಪತ್ರದಲ್ಲಿದ್ದರೆ, ಅವಳ ಬಾಯಲ್ಲಿ ಅದು 'ಮಕ್ಕಳ ಬ್ಯಾಗ್ ಕಡೆ ಸ್ವಲ್ಪ ಗಮನ ಇರ್ಲಿ' ಎಂದಾಗುತ್ತಿತ್ತು. ಇಲ್ಲಿನವರು ಏನನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ನಮ್ಮವರಿಗೆ ಅದು ತಡೆಯುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. "ಅವರದು ಕುದಿಯೋ ನೀರು. ನಾನು ಒಂದು ಚೊಂಬು ತಣ್ಣೀರು ಬೆರೆಸಿ ಕೊಡ್ತೀನಿ ಅಷ್ಟೆ" ಎಂದು ನಗುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ಒಬ್ಬರಾದರೂ ಬೇಡ ಎನ್ನಲಿಲ್ಲ.

ಹಾಗೆ ಅವಳನ್ನು ನಂಬಿದವರಲ್ಲಿ ಪದ್ಮಿನಿಯೂ ಒಬ್ಬಳು. ಕೆ.ಆರ್. ನಗರದ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಂಡ ಸುರೇಶ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಮಗಳು ಸ್ಪಂದನಾಗೆ ಹನ್ನೆರಡು ತುಂಬಿ ಪರ್ವೀನ್‌ಳ ಶಾಲೆಯ ಮೊದಲ ವರ್ಷಕ್ಕೆ ಸೇರಿದ್ದಳು. ಅಂಗಡಿ ಬಾಗಿಲಿಗೆ ಸಾಲುವಷ್ಟು ಇಂಗ್ಲಿಷು ಪದ್ಮಿನಿಗೆ ಬರುತ್ತಿತ್ತು, ಮೇಷ್ಟ್ರುಗಳ ಜೊತೆ ಕೂತು ಮಾತಾಡುವಷ್ಟು ಬರುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವಳಿಗೆ ಎರಡನೇ ಹೆರಿಗೆಯಾಯಿತು, ಗಂಡುಮಗು. ಬಾಣಂತನಕ್ಕೆ ಬರಬೇಕಿದ್ದ ಪದ್ಮಿನಿಯ ತಾಯಿಗೆ ವೀಸಾ ಸಿಗಲಿಲ್ಲ. ಸರ್ಕಾರ ಕಳಿಸಿದ ನರ್ಸು ಎಂಟು ದಿನ ಬಂದು, ಬಾಣಂತಿಯ ಕಿವಿಯ ಹತ್ತಿ ತೆಗೆಸಿ, ಕಿಟಕಿ ತೆರೆಸಿ, ಒಣ ರಸ್ಕಿನ ಮೇಲೆ ಇಲ್ಲಿನ ಪದ್ಧತಿಯಂತೆ ಸಕ್ಕರೆ ಕಾಳು ಉದುರಿಸಿ ತಿನ್ನಿಸಿ ಹೋದಳು. ಒಂಬತ್ತನೇ ದಿನ ಪರ್ವೀನ್ ಹೋಗಿ ಕಿಟಕಿ ಮುಚ್ಚಿ, ಹತ್ತಿ ಮತ್ತೆ ಇಟ್ಟು, ಬೆಳ್ಳುಳ್ಳಿ ಸುಟ್ಟು ಸಾರು ಮಾಡಿದಳು.

ಅಂದಿನಿಂದ ದಿನವೂ ಶಾಲೆ ಮುಗಿಸಿ ಸೈಕಲ್ ಹತ್ತಿ ನೇರವಾಗಿ ಅಲ್ಲಿಗೇ ಹೋಗುತ್ತಿದ್ದಳು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವಳು, ಸಾಂಬ್ರಾಣಿ ಹೊಗೆ ಕೊಡುವಳು, ಪದ್ಮಿನಿಗೆ ಬೆನ್ನು ನೀವುವಳು. ಸುರೇಶನನ್ನು ಕಂಪನಿ ಆರು ವಾರಕ್ಕೆ ಪೋಲೆಂಡಿಗೆ ಕಳಿಸಿತ್ತು. ಸ್ಪಂದನಾ ಬಾಗಿಲು ತೆಗೆಯುವಳು, ಚಹಾ ಇಡುವಳು, ತಮ್ಮನ ಬಟ್ಟೆ ಮಡಿಸುವಳು. ದೊಗಳೆ ಸ್ವೆಟರಿನೊಳಗೆ ಹುಡುಗಿ ಎಷ್ಟು ಕರಗಿದ್ದಾಳೆಂದು ಪರ್ವೀನ್‌ಗೆ ಕಾಣಲಿಲ್ಲ. ಕಣ್ಣೆಲ್ಲ ಕೂಸಿನ ಮೇಲಿತ್ತು.

ಮಾರ್ಚಿನಲ್ಲಿ ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆಂದು ಒಂದು ವಾರ ಕಾರ್ಯಕ್ರಮವಿತ್ತು. ಎಲ್ಲರಿಗೂ ಪ್ರಶ್ನೆಗಳ ಹಾಳೆ ಕೊಟ್ಟು ಬರೆಸಿದ್ದರು. ಅದಾದ ಮೇಲೆ ಒಂದು ದಿನ ಸ್ಪಂದನಾಳ ಮೆಂಟರ್, ಎಂದರೆ ಅವಳ ತರಗತಿಯ ಹೊಣೆ ಹೊತ್ತ ಟೀಚರು, ಮರ್ಲೂಸ್ ಎನ್ನುವವಳು ಗಾಜಿನ ಕೋಣೆಗೆ ಬಂದಳು. ಸ್ಪಂದನಾಳ ತಾಯಿಯ ಹತ್ತಿರ ಮಾತಾಡಬೇಕು, ಅವರು ಹೊರಗೆ ಬರುವ ಸ್ಥಿತಿಯಲ್ಲಿಲ್ಲವಂತೆ, ನಾನೇ ಮನೆಗೆ ಹೋಗುತ್ತೇನೆ, ಅವರ ಭಾಷೆಯಲ್ಲೇ ಅವರಿಗೆ ಮುಟ್ಟಬೇಕಾದ ವಿಷಯ, ನೀವು ಬಂದು ಅನುವಾದ ಮಾಡುತ್ತೀರಾ ಎಂದು ಕೇಳಿದಳು. ಪರ್ವೀನ್ ಎರಡು ಮಾತಿಲ್ಲದೆ ಒಪ್ಪಿದಳು. ಹೇಗೂ ಸಂಜೆ ಹೋಗುವ ಮನೆಯೇ.

ಅದು ಹೆರಿಗೆಯಾದ ಇಪ್ಪತ್ತಮೂರನೇ ದಿನ. ಪದ್ಮಿನಿ ತಲೆಗೆ ಸ್ಕಾರ್ಫು ಬಿಗಿದುಕೊಂಡು ಸೋಫಾದಲ್ಲಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಸ್ಪಂದನಾ ಕೆಳಗೆ ಜಮಖಾನೆಯ ಮೇಲೆ ಕೂತು ತಮ್ಮನ ಪಾದ ಹಿಡಿದುಕೊಂಡಿದ್ದಳು. ನಮ್ಮ ಕಡೆಯಾದರೆ ದೊಡ್ಡವರು ಮಾತಿಗೆ ಕೂತಾಗ ಮಕ್ಕಳನ್ನು ಒಳಗೆ ಕಳಿಸುತ್ತಾರೆ. ಇಲ್ಲಿ ಹಾಗಲ್ಲ, ಮಗುವಿನ ವಿಷಯವನ್ನು ಮಗುವಿನ ಎದುರಿಗೇ ಮಾತಾಡಬೇಕು. ಅವಳು ಇಲ್ಲೇ ಇರಲಿ ಎಂದು ಮರ್ಲೂಸ್ ಹೇಳಿದ್ದರಿಂದ ಹುಡುಗಿ ಅಲ್ಲೇ ಉಳಿದಳು.

ಮರ್ಲೂಸ್ ಕಾಗದ ನೋಡದೆ ಮೆಲ್ಲನೆ ಡಚ್ಚಿನಲ್ಲಿ ಹೇಳಿದಳು. ಸ್ಪಂದನಾಳ ಒಬ್ಬಳೇ ಗೆಳತಿ ಮಾನಸ ಅಪ್ಪಅಮ್ಮನ ಜೊತೆ ಆಲ್ಮೆರೆ ಎಂಬ ಊರಿಗೆ ಹೋದಾಗಿನಿಂದ ಈ ಹುಡುಗಿ ಯಾರೊಡನೆಯೂ ಸೇರಿಲ್ಲ. ಜನವರಿಯಿಂದ ಶಾಲೆಯಲ್ಲಿ ಒಂದು ತುತ್ತೂ ತಿಂದಿಲ್ಲ, ಡಬ್ಬಿಯನ್ನು ದಿನವೂ ಸೈಕಲ್ ಶೆಡ್ಡಿನ ಹಿಂದಿನ ಕಸದ ತೊಟ್ಟಿಗೆ ಸುರಿಯುತ್ತಾಳೆ. ಊಟದ ಬಿಡುವಿನಲ್ಲಿ ಶೌಚಾಲಯದ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಮನೆಯಲ್ಲಿ ಶಾಲೆಯಲ್ಲಿ ತಿಂದೆ ಎನ್ನುತ್ತಾಳೆ, ಶಾಲೆಯಲ್ಲಿ ಮನೆಯಲ್ಲಿ ತಿಂದೆ ಎನ್ನುತ್ತಾಳೆ. 'ನೀನು ಒಂದು ದಿನ ಶಾಲೆಗೆ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ' ಎಂಬ ಪ್ರಶ್ನೆಗೆ, 'ಹಾಜರಿ ನೋಡುವ ಆಂಟಿಗೆ ಮಾತ್ರ, ಅದು ಅವರ ಕೆಲಸ' ಎಂದು ಬರೆದಿದ್ದಾಳೆ. ಇದು ಹಟವಲ್ಲ, ಕಾಯಿಲೆ. ಈ ವಾರವೇ ಡಾಕ್ಟರಿಗೆ ತೋರಿಸಬೇಕು, ತೂಕ ನೋಡಿಸಬೇಕು. ತಡಮಾಡುವ ಹಾಗಿಲ್ಲ.

ಪರ್ವೀನ್ ಪದ್ಮಿನಿಯ ಕಡೆ ನೋಡಿದಳು. ಎದೆಗಂಟಿದ ಮಗು, ನಿದ್ದೆಗೆಟ್ಟ ಕಣ್ಣು, ಮೊನ್ನೆಮೊನ್ನೆ ಕೂಡಿಕೊಂಡ ಹಾಲು. ಇದನ್ನು ಈಗ ಇವಳ ಕಿವಿಗೆ ಹಾಕುವುದೇ?

ಅವಳದೇ ಒಂದು ಕಥೆಯಿತ್ತು. ಮಗ ಅಬ್ರಾರ್ ಹುಟ್ಟಿದ ಹನ್ನೊಂದನೇ ದಿನ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಅವಳ ಅಪ್ಪ ತೀರಿಕೊಂಡರು. ಚಿಲ್ಲಾ ಮುಗಿಯುವವರೆಗೆ, ಎಂದರೆ ನಲವತ್ತು ದಿನ ತುಂಬುವವರೆಗೆ, ಮನೆಮಂದಿಯೆಲ್ಲ ಸೇರಿ ಬಾಣಂತಿಯಿಂದ ಅದನ್ನು ಮುಚ್ಚಿಟ್ಟರು. ಅಪ್ಪನಿಗೆ ಹುಷಾರಿಲ್ಲ, ಮಲಗಿದ್ದಾರೆ ಎಂದೇ ಹೇಳುತ್ತಿದ್ದರು. ಅತ್ತಿಗೆ ಅಪ್ಪನ ಹೆಸರಿನಲ್ಲಿ ಕಿತ್ತಳೆಹಣ್ಣು ಸಹ ತಂದುಕೊಟ್ಟಿದ್ದಳು. ನಲವತ್ತೊಂದನೇ ದಿನ ತಿಳಿದಾಗ ಅತ್ತಳು, ಆದರೆ ಯಾರ ಮೇಲೂ ಸಿಟ್ಟಾಗಲಿಲ್ಲ. ಮಗು ಗುಂಡುಗುಂಡಾಗಿತ್ತು. ಅಷ್ಟೇ ಅಲ್ಲ, ಆ ಇಪ್ಪತ್ತೊಂಬತ್ತು ದಿನ ತನ್ನ ಪಾಲಿಗೆ ಅಪ್ಪ ಬದುಕಿದ್ದರಲ್ಲ ಎಂದು ಇವತ್ತಿಗೂ ನೆನೆಯುತ್ತಾಳೆ. ಬಾಣಂತಿಗೆ ಕೆಟ್ಟ ಸುದ್ದಿ ಹೇಳಿದರೆ ಹಾಲು ಬತ್ತುತ್ತದೆ ಎನ್ನುವುದು ಅವಳಿಗೆ ಯಾರೋ ಹೇಳಿದ ಮಾತಾಗಿರಲಿಲ್ಲ. ಅಂದು ಮುಚ್ಚಿಟ್ಟದ್ದರಿಂದಲೇ ತಾನೂ ಮಗುವೂ ಉಳಿದೆವು ಎಂದೇ ನಂಬಿದ್ದಳು.

"ಏನ್ ಹೇಳಿದ್ರು ಪರ್ವೀನಕ್ಕ?" ಎಂದು ಪದ್ಮಿನಿ ಕೇಳಿದಳು.

"ಏನಿಲ್ಲ ಕಣಮ್ಮ. ಓದೋದ್ರಲ್ಲಿ ಚೆನ್ನಾಗಿದಾಳಂತೆ. ಸ್ವಲ್ಪ ಮಂಕಾಗಿರ್ತಾಳೆ, ಊಟ ಸರಿಯಾಗ್ ಮಾಡಲ್ಲ ಅಂತಾರೆ. ಹೊಸ ಸ್ಕೂಲಲ್ವಾ, ಹೊಂದ್ಕೊಳ್ಳಕ್ಕೆ ಟೈಮ್ ಬೇಕು. ಬಿಡುವಾದಾಗ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಅಂದ್ರು."

ಪದ್ಮಿನಿಯ ಮುಖ ಸಡಿಲಾಯಿತು. "ಅಯ್ಯೋ, ಇಷ್ಟಕ್ಕೆ ಪಾಪ ಮನೆತಂಕ ಬಂದ್ರಾ? ನಾನೇನೋ ಅನ್ಕೊಂಡು ಹೆದರ್ಕೊಂಡಿದ್ದೆ. ಸ್ಪಂದೂ, ಮಿಸ್‌ಗೆ ಟೀ ಕೊಡಮ್ಮ" ಎಂದಳು.

ಸ್ಪಂದನಾ ತಕ್ಷಣ ಏಳಲಿಲ್ಲ. ತಲೆಯೆತ್ತಿ ಪರ್ವೀನ್‌ಳ ಮುಖವನ್ನೇ ನೋಡಿದಳು, ಇನ್ನೂ ಏನೋ ಬರುವುದಿದೆ ಎಂದು ಕಾಯುವವಳಂತೆ. ಆಮೇಲೆ ತಮ್ಮನ ಪಾದ ಬಿಟ್ಟು ಅಡುಗೆಮನೆಗೆ ಹೋದಳು. ಹೇಳಿದ ಮಾತು ಎಷ್ಟು ಚೆನ್ನಾಗಿ ಕೇಳುತ್ತಾಳೆ ಈ ಹುಡುಗಿ ಎಂದುಕೊಂಡಳು ಪರ್ವೀನ್. ಎರಡೂ ಭಾಷೆ ಬರುವವಳು ಆ ಕೋಣೆಯಲ್ಲಿ ತಾನೊಬ್ಬಳೇ ಅಲ್ಲ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ಮರ್ಲೂಸ್ ಅನುಮಾನದಿಂದ ಕೇಳಿದಳು. "ಅವರು ನಕ್ಕರಲ್ಲ. ಅರ್ಥವಾಗಿದೆಯಾ ಅವರಿಗೆ?"

"ಅರ್ಥವಾಗಿದೆ" ಎಂದಳು ಪರ್ವೀನ್. "ನಮ್ಮವರು ಹೊರಗಿನವರ ಎದುರು ಅಳುವುದಿಲ್ಲ."

ಇನ್ನು ಹದಿನೇಳೇ ದಿನ ಎಂದು ಲೆಕ್ಕ ಹಾಕಿದಳು. ಅಲ್ಲಿಯವರೆಗೆ ಹುಡುಗಿಯನ್ನು ತಾನೇ ನೋಡಿಕೊಂಡರಾಯಿತು. ಮರುದಿನದಿಂದ ಊಟದ ಬಿಡುವಿನಲ್ಲಿ ಸ್ಪಂದನಾಳನ್ನು ಗಾಜಿನ ಕೋಣೆಗೆ ಕರೆದು ಚಪಾತಿ ಸುರುಳಿ, ಶಾವಿಗೆ ಪಾಯಸ, ಹೀಗೆ ಏನಾದರೊಂದು ಮುಂದಿಡುತ್ತಿದ್ದಳು. "ತಿನ್ನು ಪುಟ್ಟ, ನನ್ ಮಾತಿಗೆ ಬೆಲೆ ಕೊಡಲ್ವಾ?" ಎನ್ನುವಳು. ಹುಡುಗಿ ಬೆಲೆ ಕೊಟ್ಟು ಎರಡು ತುತ್ತು ತಿನ್ನುವಳು, ಮಿಕ್ಕಿದ್ದನ್ನು ಆಮೇಲೆ ತಿನ್ನುತ್ತೇನೆಂದು ಕರವಸ್ತ್ರದಲ್ಲಿ ಸುತ್ತಿಕೊಳ್ಳುವಳು. ಪರ್ವೀನ್ ಅಷ್ಟಕ್ಕೇ ಹಿಗ್ಗುವಳು. ಒಂದು ದಿನವಾದರೂ ಹುಡುಗಿಯ ಹಿಂದೆ ಹೋಗಿ ಆ ಕರವಸ್ತ್ರ ಏನಾಯಿತೆಂದು ನೋಡಬೇಕೆನಿಸಲಿಲ್ಲ.

ಮಜೀದ್‌ಗೆ ಹೇಳಿದಳು. ಅವನು ಊಟ ಬಿಟ್ಟು ಅವಳನ್ನೇ ನೋಡಿದ. ಮನೆಯ ದಖನಿಯಲ್ಲಿ, "ನೀನೇನು ಡಾಕ್ಟರಾ? ಟೀಚರು ಹೇಳಿದ್ದನ್ನ ಹೇಳೋದಷ್ಟೇ ನಿನ್ನ ಕೆಲಸ. ಅದರಪ್ಪನಿಗಾದರೂ ಫೋನ್ ಮಾಡು" ಎಂದ. ಅವಳು ಸುರೇಶನಿಗೆ ಫೋನು ಮಾಡಿದಳು. "ಏನ್ ಪರ್ವೀನಕ್ಕ, ಏನಾದ್ರೂ ಸೀರಿಯಸ್ಸಾ?" ಎಂದು ಅವನು ಗಾಬರಿಯಿಂದ ಕೇಳಿದ ದನಿಯಲ್ಲೇ, ಫೋನಿಟ್ಟ ಮರುಕ್ಷಣ ಇವನು ಹೆಂಡತಿಗೆ ಫೋನು ಮಾಡುತ್ತಾನೆಂದು ಅವಳಿಗೆ ಗೊತ್ತಾಯಿತು. "ಸೀರಿಯಸ್ ಏನಿಲ್ಲಪ್ಪ, ಮಗು ಚೆನ್ನಾಗಿ ಹಾಲು ಕುಡೀತಿದೆ ಅಂತ ಹೇಳಕ್ಕೆ ಮಾಡ್ದೆ" ಎಂದಳು. ಮರ್ಲೂಸ್ ಎರಡು ಸಲ ಬಂದು ಡಾಕ್ಟರ ಹತ್ತಿರ ಹೋದರಾ ಎಂದು ಕೇಳಿದಳು. ಹೋಗುತ್ತಾರೆ, ಮಾತಾಗಿದೆ ಎಂದು ಪರ್ವೀನ್ ಎರಡು ಸಲವೂ ಹೇಳಿದಳು. ಸುಳ್ಳು ಹೇಳುತ್ತಿದ್ದೇನೆ ಎನ್ನಿಸುವ ಬದಲು, ಒಬ್ಬ ತಾಯಿಯನ್ನು ಕಾಯುತ್ತಿದ್ದೇನೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಒಳ್ಳೆಯತನ ಹೀಗೆ ತಲೆಗೇರಿದಾಗ ಯಾರ ಬುದ್ಧಿವಾದವೂ ಒಳಗಿಳಿಯುವುದಿಲ್ಲ.

ಮೂವತ್ತಾರನೇ ದಿನ, ಗುರುವಾರ, ಆಟದ ಪಿರಿಯಡ್ಡಿನಲ್ಲಿ ಸ್ಪಂದನಾ ಓಡುತ್ತ ಓಡುತ್ತ ಬಿದ್ದಳು. ಮತ್ತೆ ಏಳಲಿಲ್ಲ. ಆಟದ ಮೇಷ್ಟ್ರು ಕೂಗಿಕೊಂಡರು, ಆಂಬುಲೆನ್ಸು ಬಂತು. ಸ್ಟ್ರೆಚರ್ ಗಾಜಿನ ಕೋಣೆಯ ಎದುರಿಗೇ ಹಾದುಹೋಯಿತು. ಸ್ವೆಟರು ಕಳಚಿದ್ದರು. ಆ ತೋಳು ನೋಡಿ ಪರ್ವೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಮಕ್ಕಳಿಗೆ ಏನಾದರೂ ಆದರೆ ಮನೆಗೆ ತಿಳಿಸುವುದೂ ಅವಳದೇ ಕೆಲಸ. ಪದ್ಮಿನಿಯ ನಂಬರು ಒತ್ತಿದಳು.

"ಪದ್ಮಿನಿ, ಗಾಬರಿಯಾಗ್ಬೇಡ ಕಣಮ್ಮ. ಸ್ಪಂದೂಗೆ ಸ್ವಲ್ಪ ತಲೆಸುತ್ತು ಬಂದಿತ್ತು" ಎಂದಳು.

ಆಗಲೂ ಅವಳ ಬಾಯಿಂದ ಬಂದದ್ದು ಅಷ್ಟೇ.

ಪಕ್ಕದ ದ ಹೇಗ್ ನಗರದ ಆಸ್ಪತ್ರೆಗೆ ಮರ್ಲೂಸ್ ಮತ್ತು ಪರ್ವೀನ್ ಮೊದಲೇ ತಲುಪಿದ್ದರು, ಪದ್ಮಿನಿ ಟ್ಯಾಕ್ಸಿಯಲ್ಲಿ ಬಂದಳು. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದಳು, ತಲೆಗೆ ಸ್ಕಾರ್ಫಿರಲಿಲ್ಲ, ಕಿವಿಯಲ್ಲಿ ಹತ್ತಿಯಿರಲಿಲ್ಲ, ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ. ಒಳಗೆ ಸ್ಪಂದನಾಳ ಮೈಗೆಲ್ಲ ತಂತಿ ಹಚ್ಚಿದ್ದರು. ಹೃದಯ ತೀರ ನಿಧಾನಕ್ಕೆ ಬಡಿಯುತ್ತಿದೆ, ಉಳಿಯುತ್ತಾಳೆ, ಆದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ಹೃದಯಕ್ಕಾದ ಪೆಟ್ಟು ಪೂರ್ತಿ ವಾಸಿಯಾಗುತ್ತದೆಂದು ಈಗಲೇ ಹೇಳಲಾರೆ ಎಂದು ಡಾಕ್ಟರು ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ಎರಡು ವಾರದ ಹಿಂದೆ ಶಾಲೆಯವರು ತಿಳಿಸಿದಾಗಲೇ ಕರೆತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಹೇಳಿದರು.

ಪದ್ಮಿನಿಗೆ ಅಷ್ಟು ಇಂಗ್ಲಿಷು ಸಾಕಾಗಿತ್ತು. "ನೋ," ಎಂದಳು. "ನೋಬಡಿ ಟೋಲ್ಡ್ ಮಿ."

ಮರ್ಲೂಸ್ ಪರ್ವೀನ್‌ಳ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪರ್ವೀನ್‌ಗೆ ಅನ್ನಿಸಿತು.

"ಅವತ್ತು ಮಿಸ್ ಏನ್ ಹೇಳಿದ್ರು?" ಪದ್ಮಿನಿ ಕನ್ನಡದಲ್ಲಿ ಕೇಳಿದಳು. "ಒಂದೂ ಬಿಡ್ದೆ ಹೇಳಿ."

ಆಸ್ಪತ್ರೆಯ ಕಾರಿಡಾರಿನಲ್ಲಿ, ಕಾಫಿ ಯಂತ್ರದ ಪಕ್ಕ ನಿಂತುಕೊಂಡು, ಪರ್ವೀನ್ ಹದಿಮೂರು ದಿನ ತಡವಾಗಿ ಅನುವಾದ ಮಾಡಿದಳು. ಮಾನಸ ಹೋದದ್ದು, ಕಸದ ತೊಟ್ಟಿ, ಶೌಚಾಲಯದ ಬಾಗಿಲು, ಎರಡು ಕಡೆಯ ಎರಡು ಸುಳ್ಳು. ಒಂದೊಂದು ಮಾತಿಗೂ ಪದ್ಮಿನಿ "ಆಮೇಲೆ?" ಎನ್ನುತ್ತಿದ್ದಳು. ಹಾಜರಿಯ ಆಂಟಿಗೆ ಮಾತ್ರ ಗೊತ್ತಾಗುತ್ತದೆ ಎಂದು ಬರೆದದ್ದನ್ನು ಹೇಳುವಾಗ ಪರ್ವೀನ್ ನಡುವೆ ತಡೆದು ಕಾಫಿ ಯಂತ್ರದ ಕಡೆ ತಿರುಗಿದಳು. ಪದ್ಮಿನಿ ಅದಕ್ಕೂ ಕಾದಳು, ಪೂರ್ತಿ ಹೇಳಿಸಿಕೊಂಡಳು.

"ಯಾಕಕ್ಕ ಹೇಳ್ಲಿಲ್ಲ?"

"ನಿನ್ ಹಾಲು ಬತ್ತಿಬಿಡುತ್ತೆ ಅಂತ..."

"ಒಂದು ಮಗೂಗೆ ಹಾಲಿರ್ಲಿ ಅಂತ ಇನ್ನೊಂದನ್ನ ಉಪವಾಸ ಹಾಕಿದ್ರಾ?" ಪದ್ಮಿನಿಯ ದನಿ ಏರಲಿಲ್ಲ. "ಅವಳನ್ನೂ ನಾನೇ ಹೆತ್ತಿದ್ದು. ಅವಳಿಗೇನಾಯ್ತು ಅಂತ ಕೇಳೋ ಹಕ್ಕು ನಂಗಿತ್ತು. ನನ್ನನ್ನೇನು ಗಾಜಿನ ಬಳೆ ಅನ್ಕೊಂಡ್ರಾ ನೀವು?"

ಪರ್ವೀನ್ ಅವಳ ಕೈ ಹಿಡಿಯಲು ಹೋದಳು. ಪದ್ಮಿನಿ ಕೈ ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. ಆ ವಾರದಲ್ಲೇ ಅವಳ ಹಾಲು ಬತ್ತಿತು, ಕೂಸಿಗೆ ಡಬ್ಬಿ ಹಾಲು ಹಾಕಿದರು. ಅದು ಅದನ್ನೇ ಕುಡಿದುಕೊಂಡು ಹಾಯಾಗಿ ಬೆಳೆಯುತ್ತಿದೆ.

ಮುಂದಿನ ಶುಕ್ರವಾರದ ಸುದ್ದಿಪತ್ರದಲ್ಲಿ, ಮೊದಲ ವರ್ಷದ ಒಬ್ಬ ವಿದ್ಯಾರ್ಥಿನಿ ಆಸ್ಪತ್ರೆಯಲ್ಲಿದ್ದಾಳೆ, ಕಾರ್ಡು ಬರೆಯಲು ಇಷ್ಟವಿರುವವರು ಮೆಂಟರಿಗೆ ಕೊಡಬಹುದು ಎಂದು ಎರಡು ಸಾಲಿತ್ತು. ಕನ್ನಡದ ಮನೆಗಳು ಕಾದವು. ಪರ್ವೀನ್‌ಳ ದನಿ ಬರಲಿಲ್ಲ. ಪ್ರಿನ್ಸಿಪಾಲರ ಮುಂದೆ ನಡೆದದ್ದನ್ನೆಲ್ಲ ತಾನೇ ಹೇಳಿದ್ದಳು, ಕೆಲಸ ಬಿಡುತ್ತೇನೆಂದೂ ಹೇಳಿದ್ದಳು. ಅವರು ಗಾಜಿನ ಕೋಣೆಯಲ್ಲಿ ಉಳಿಸಿಕೊಂಡರು, ಅನುವಾದಕ್ಕೆ ಮಾತ್ರ ಇನ್ನು ಮುಂದೆ ಹೊರಗಿನ ಅನುವಾದಕರನ್ನೇ ಕರೆಯುತ್ತೇವೆ ಎಂದರು. ಅದು ಸರಿಯೇ ಆಗಿತ್ತು. ಸಂಜೆ ಸೈಕಲ್ ಹತ್ತಿದರೆ ಕಾಲು ತಾನಾಗಿ ಪದ್ಮಿನಿಯ ಬೀದಿಗೆ ಹೊರಳುತ್ತಿತ್ತು, ಮೂಲೆಯಲ್ಲಿ ಇಳಿದು ಹಿಂದಕ್ಕೆ ತಿರುಗುತ್ತಿದ್ದಳು. ಈ ಜೂಟರ್‌ಮೀರ್‌ನಲ್ಲಿ ಅವಳಿಗಿದ್ದ ತಂಗಿಯಂಥ ಒಬ್ಬಳು ಕೈತಪ್ಪಿ ಹೋದಳು.

ಏಳು ವಾರವಾದ ಮೇಲೆ ಸುರೇಶ ಫೋನು ಮಾಡಿದ. ಮಾತು ಚುಟುಕಾಗಿತ್ತು. "ಸ್ಪಂದನಾ ನಿಮ್ಮನ್ನ ನೋಡ್ಬೇಕಂತೆ. ಬನ್ನಿ. ಪದ್ಮಿನಿ ಆ ಹೊತ್ತಿಗೆ ಇರಲ್ಲ."

ಸ್ಪಂದನಾಳನ್ನು ಇರಿಸಿದ್ದ ಚಿಕಿತ್ಸೆಯ ಮನೆ ಊರ ಹೊರಗಿತ್ತು. ಸ್ಪಂದನಾ ಕಿಟಕಿಯ ಹತ್ತಿರ ಕಂಬಳಿ ಹೊದ್ದು ಕೂತಿದ್ದಳು. ಮೂಗಿನಿಂದ ಹೊಟ್ಟೆಗೆ ಆಹಾರದ ಕೊಳವೆ ಇಳಿಸಿದ್ದರು. ಪರ್ವೀನ್ ಏನೂ ತಂದಿರಲಿಲ್ಲ. ಏನು ತರಬೇಕೆಂದು ಅವಳಿಗೆ ತಿಳಿಯಲಿಲ್ಲ.

"ನಂದು ತಪ್ಪಾಯ್ತು ಪುಟ್ಟ" ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ.

ಹುಡುಗಿ ಕಂಬಳಿಯ ಅಂಚು ತಿರುವಿದಳು. "ಆಂಟಿ, ಅಮ್ಮ ನಿಮ್ ಮೇಲೆ ಕೋಪ ಮಾಡ್ಕೊಂಡಿದಾಳೆ. ನಂಗ್ ಕೋಪ ಇಲ್ಲ. ಆದ್ರೆ ಒಂದ್ ವಿಷ್ಯ ನಿಮಗ್ ಗೊತ್ತಿಲ್ಲ."

"ಹೇಳು ಬೇಟಾ."

"ಅವತ್ತು ಮಿಸ್ ತಾವಾಗಿ ಬಂದಿದ್ದಲ್ಲ. ಕ್ವೆಶ್ಚನ್ ಪೇಪರ್ ಕೊಟ್ಟ ಮೇಲೆ ನಾನೇ ಹೋಗಿ ಮಿಸ್ ಹತ್ರ ಎಲ್ಲಾ ಹೇಳ್ದೆ. ಕಸದ ತೊಟ್ಟೀದೂ ನಾನೇ ಹೇಳಿದ್ದು. ಅಮ್ಮಂಗೆ ಹೇಳಕ್ಕೆ ನಂಗ್ ಬಾಯೇ ಬರಲ್ಲ, ನೀವ್ ಮನೆಗ್ ಬಂದು ಹೇಳಿ, ಪ್ಲೀಸ್, ಅಂದೆ. ಡಚ್‌ನಲ್ಲಿ ಹೇಳಿದ್ರೆ ಅಮ್ಮಂಗೆ ಅರ್ಥ ಆಗಲ್ವಲ್ಲ ಅಂದ್ರು ಮಿಸ್. ಆಗ ನಾನೇ ನಿಮ್ ಹೆಸ್ರು ಹೇಳಿದ್ದು. ನೀವಾದ್ರೆ ಕನ್ನಡದಲ್ಲಿ ಚೆನ್ನಾಗ್ ಹೇಳ್ತೀರ ಅಂತ."

ಪರ್ವೀನ್ ಕುರ್ಚಿಯ ತೋಳು ಹಿಡಿದುಕೊಂಡಳು.

"ನೀವ್ ಹೇಳ್ಲಿಲ್ಲ. ಆಗ ನಾನು ಅನ್ಕೊಂಡೆ, ಇದು ಅಮ್ಮಂಗೆ ಹೇಳ್ಬಾರದಂಥ ಮಾತು ಅಂತ. ಅದಕ್ಕೆ ಮತ್ತೆ ಯಾರ್ ಹತ್ರಾನೂ ಹೇಳ್ಲಿಲ್ಲ."